ಸಿಪಿಎಲ್ ಆದ ಮೇಲೆ ಯಾವ ಕೋರ್ಸ್ ಮೊದಲು?

ಬೆಳಗಾವಿ, ಬಾಗಲಕೋಟೆ, ವಿಜಯಪುರ ಕಡೆಯಿಂದ ಪೈಲಟ್ ಆಗಲು ಹೊರಟವರಿಗಾಗಿ ಈ ಟಿಪ್ಪಣಿ. ಹಾರಾಟ ಕಲಿಯಲು ದೂರ ಹೋಗಲೇಬೇಕೆಂದು ಈಗಿಲ್ಲ. 2021ರಲ್ಲಿ ವಿಮಾನ ನಿಲ್ದಾಣ ಪ್ರಾಧಿಕಾರ ಹೊಸ ತರಬೇತಿ ಶಾಲೆಗಳಿಗೆ ಜಾಗ ಕೊಟ್ಟ ಐದು ನಿಲ್ದಾಣಗಳಲ್ಲಿ ನಮ್ಮ ಬೆಳಗಾವಿಯ ಸಾಂಬ್ರಾ ಒಂದು, ಕಲಬುರಗಿ ಇನ್ನೊಂದು. ಕ್ಲಾಸ್ 1 ಮೆಡಿಕಲ್, ವಿಮಾನಯಾನ ನಿಯಂತ್ರಕ ಸಂಸ್ಥೆ ಡಿಜಿಸಿಎ ನಡೆಸುವ ಪರೀಕ್ಷೆಗಳು, 200 ಗಂಟೆ ಹಾರಾಟ, ಇವು ಎಲ್ಲರಿಗೂ ಗೊತ್ತಿರುವ ವಿಷಯ, ಬಿಡುತ್ತೇನೆ. ಸಿಪಿಎಲ್ (ಕಮರ್ಷಿಯಲ್ ಪೈಲಟ್ ಲೈಸೆನ್ಸ್) ಬಂದ ಮೇಲೆ ಎಂಸಿಸಿ (ಇಬ್ಬರು ಪೈಲಟ್‌ಗಳು ಹೊಂದಿಕೊಂಡು ಹಾರಿಸುವ ತರಬೇತಿ), ಜೆಟ್ ಓರಿಯಂಟೇಶನ್ (ಜೆಟ್ ವಿಮಾನದ ಪರಿಚಯ), ಟೈಪ್ ರೇಟಿಂಗ್ (ಒಂದು ಮಾದರಿಯ ವಿಮಾನ ಹಾರಿಸುವ ಅರ್ಹತೆ) ಎಂದು ಸಾಲಾಗಿ ಹೆಸರುಗಳು ಬರುತ್ತವಲ್ಲ, ಗೊಂದಲ ಅಲ್ಲಿ.

ಮೊದಲು ಕೇಳಬೇಕಾದ್ದು

ಈ ಕೋರ್ಸ್ ಮುಗಿಸಿದರೆ ಲೈಸೆನ್ಸ್ ಮೇಲೆ ಏನಾದರೂ ಹೊಸದಾಗಿ ಸೇರುತ್ತದೆಯೇ? ಇನ್‌ಸ್ಟ್ರುಮೆಂಟ್ ರೇಟಿಂಗ್ (ಹೊರಗೆ ಕಾಣದಿದ್ದರೂ ಉಪಕರಣ ನೋಡಿಯೇ ಹಾರಿಸುವ ಅರ್ಹತೆ) ಸೇರುತ್ತದೆ, ಟೈಪ್ ರೇಟಿಂಗ್ ಸೇರುತ್ತದೆ. ಎಂಸಿಸಿ ಮತ್ತು ಜೆಟ್ ಓರಿಯಂಟೇಶನ್‌ಗೆ ಸಿಗುವುದು ಪ್ರಮಾಣಪತ್ರ ಮಾತ್ರ. ಹಾಗೆಂದು ಅವು ದಂಡವಲ್ಲ. ಆದರೆ ಮನೆಯವರು ಹೊಲದ ಮೇಲೆ ಸಾಲ ತಂದು ಓದಿಸುವಾಗ ಈ ವ್ಯತ್ಯಾಸ ಅವರಿಗೂ ಗೊತ್ತಿರಬೇಕು. ಅಪ್ಪನಿಗೆ ಇದನ್ನು ಕೂತು ವಿವರಿಸಿ ಹೇಳಿ.

ಎಂಸಿಸಿ

ತರಬೇತಿಯ ಪುಟ್ಟ ಸೆಸ್ನಾ ವಿಮಾನದಲ್ಲಿ ಎಲ್ಲ ಕೆಲಸವೂ ನಮ್ಮದೇ. ಏರ್‌ಲೈನ್ ಕಾಕ್‌ಪಿಟ್‌ನಲ್ಲಿ ಒಬ್ಬರು ಹಾರಿಸುತ್ತಾರೆ, ಇನ್ನೊಬ್ಬರು ಗಮನಿಸುತ್ತಾರೆ. ಟೇಕಾಫ್ ಆದ ಕೂಡಲೇ ಗಮನಿಸುವವರು ಎತ್ತರ ಏರುತ್ತಿರುವುದನ್ನು ನೋಡಿ 'ಪಾಸಿಟಿವ್ ಕ್ಲೈಂಬ್' ಎನ್ನಬೇಕು. ಹಾರಿಸುವವರು 'ಗೇರ್ ಅಪ್' ಎಂದ ಮೇಲೆಯೇ ಇವರ ಕೈ ಚಕ್ರ ಮೇಲೆತ್ತುವ ಲಿವರ್‌ಗೆ ಹೋಗಬೇಕು. ಮಾತಿಗೆ ಮುಂಚೆ ಕೈ ಹೋಗಬಾರದು. ಒಂಟಿಯಾಗಿ ಹಾರಿ ರೂಢಿಯಾದವರಿಗೆ ಈ ಕಾಯುವಿಕೆಯೇ ಕಷ್ಟ. ಯುರೋಪಿನ ನಿಯಮದಲ್ಲಿ ಸಾಮಾನ್ಯ ಎಂಸಿಸಿಗೆ 20 ಗಂಟೆ ಸಿಮ್ಯುಲೇಟರ್, ಎಪಿಎಸ್ ಎಂಬ ಹೆಚ್ಚಿನ ಮಟ್ಟದ್ದಕ್ಕೆ 40. ಇಂಟಿಗ್ರೇಟೆಡ್ ಕೋರ್ಸ್‌ನವರಿಗೆ (ಎಲ್ಲ ತರಬೇತಿಯನ್ನೂ ಒಂದೇ ಕೋರ್ಸ್ ಆಗಿ ಮಾಡಿದವರಿಗೆ) ಎರಡರಲ್ಲೂ 5 ಗಂಟೆ ಕಡಿಮೆ. ಸೇರುವ ಮುಂಚೆ ಗಂಟೆಗಳ ಜೊತೆಗೆ ಪಕ್ಕದ ಸೀಟಿನಲ್ಲಿ ಯಾರು ಕೂರುತ್ತಾರೆ ಎಂದೂ ಕೇಳಿ. ನಿಮ್ಮಂಥದೇ ವಿದ್ಯಾರ್ಥಿ ಜೊತೆಗಾರನಾಗಿ ಸಿಗದಿದ್ದರೆ ಕೋರ್ಸಿನ ಅರ್ಧ ಸತ್ವ ಹೋದಂತೆ.

ಜೆಟ್ ಓರಿಯಂಟೇಶನ್, ಅದರಲ್ಲೂ ಇಳಿಯುವ ಲೆಕ್ಕ

ಜೆಟ್ ಬೇಗ ನಿಧಾನವಾಗುವುದಿಲ್ಲ. ಆದ್ದರಿಂದ ಎಲ್ಲಿಂದ ಇಳಿಯಲು ಶುರು ಮಾಡಬೇಕೆಂಬುದನ್ನು ಮುಂಚೆಯೇ ಲೆಕ್ಕ ಹಾಕಬೇಕು. ಕಂಪ್ಯೂಟರ್ ಹೇಳುತ್ತದೆ, ನಿಜ. ಆದರೆ ಅದು ಹೇಳಿದ್ದು ಸರಿಯೇ ಎಂದು ತಲೆಯಲ್ಲೇ ತಾಳೆ ನೋಡಲು ಬರಬೇಕು.

ಸೂತ್ರ ಚಿಕ್ಕದು. ಇಳಿಯಬೇಕಾದ ಎತ್ತರವನ್ನು ಸಾವಿರ ಅಡಿಗಳಲ್ಲಿ ತೆಗೆದುಕೊಂಡು 3ರಿಂದ ಗುಣಿಸಿದರೆ ಬೇಕಾದ ದೂರ ನಾಟಿಕಲ್ ಮೈಲಿಯಲ್ಲಿ ಬರುತ್ತದೆ. ಮೂರೇ ಏಕೆ ಎಂಬುದು ನನ್ನ ತಲೆಗೆ ಹತ್ತಲು ಬಹಳ ಹೊತ್ತು ಹಿಡಿಯಿತು, ಅದಕ್ಕೇ ಬಿಡಿಸಿ ಬರೆಯುತ್ತೇನೆ. ಒಂದು ನಾಟಿಕಲ್ ಮೈಲಿ ಎಂದರೆ ಸುಮಾರು 6,076 ಅಡಿ. 3 ಡಿಗ್ರಿ ಇಳಿಜಾರಿನಲ್ಲಿ ಅಷ್ಟು ದೂರ ಹೋದರೆ ಸುಮಾರು 318 ಅಡಿ ಇಳಿಯುತ್ತೇವೆ. ಹಾಗಾದರೆ ಸಾವಿರ ಅಡಿ ಇಳಿಯಲು ಮೂರು ಮೈಲಿಗಿಂತ ಸ್ವಲ್ಪವೇ ಹೆಚ್ಚು ಬೇಕು. ಮೂರು ಬಂದದ್ದು ಹೀಗೆ.

ಎಡವುವುದು ಮುಂದಿನ ಹೆಜ್ಜೆಯಲ್ಲಿ. 35,000 ಅಡಿಯಲ್ಲಿದ್ದೇವೆ ಎಂದರೆ ಅದು ಸಮುದ್ರಮಟ್ಟದ ಲೆಕ್ಕ, ರನ್‌ವೇ ಮೇಲಿನ ಎತ್ತರವಲ್ಲ. ಗೋವಾದ ದಾಬೋಲಿಂ ಕಡಲ ಪಕ್ಕದಲ್ಲಿದೆ, ಅಲ್ಲಿಗೆ 35 × 3, ಅಂದರೆ ಸುಮಾರು 105 ಮೈಲಿ. ಸಾಂಬ್ರಾ ರನ್‌ವೇ ಸಮುದ್ರಮಟ್ಟಕ್ಕಿಂತ ಸುಮಾರು 2,500 ಅಡಿ ಎತ್ತರದಲ್ಲಿದೆ. ಅದನ್ನು ಕಳೆದರೆ ಉಳಿಯುವುದು 32,500 ಅಡಿ. 32.5 × 3 ಎಂದರೆ ಸುಮಾರು 98 ಮೈಲಿ. ನಿಮಿಷಕ್ಕೆ ಐದು ಮೈಲಿ ಓಡುವ ವಿಮಾನಕ್ಕೆ ಈ ಏಳು ಮೈಲಿ ಒಂದೂವರೆ ನಿಮಿಷದ ಮಾತು. ಆದ್ದರಿಂದ ಮೊದಲು ಕಳೆಯಿರಿ, ಆಮೇಲೆ ಗುಣಿಸಿ.

ವೇಗ ಇಳಿಸಲು ಪ್ರತಿ 10 ನಾಟ್‌ಗೆ (ನಾಟ್ ಎಂದರೆ ಗಂಟೆಗೆ ಒಂದು ನಾಟಿಕಲ್ ಮೈಲಿ) ಒಂದು ಮೈಲಿ ಕೂಡಿಸಿ. 290ರಿಂದ 210ಕ್ಕೆ ಬರಬೇಕಾದರೆ ಎಂಟು ಮೈಲಿ, ಒಟ್ಟು 106. ಹಿಂದಿನಿಂದ ಗಾಳಿ ನೂಕುತ್ತಿದ್ದರೆ ಇನ್ನೂ ಮುಂಚೆಯೇ ಶುರು ಮಾಡಬೇಕು. ಕೊನೆಯ ಇಳಿಜಾರಿಗೆ ನೆಲದ ಮೇಲಿನ ವೇಗವನ್ನು 5ರಿಂದ ಗುಣಿಸಿದರೆ ಸಾಕು. 140 ನಾಟ್ ಇದ್ದರೆ ನಿಮಿಷಕ್ಕೆ 700 ಅಡಿ. ಇವೆರಡನ್ನೂ ಬಾಯಿಪಾಠ ಮಾಡಿಕೊಂಡು ಹೋದರೆ ದುಬಾರಿ ಸಿಮ್ಯುಲೇಟರ್ ಗಂಟೆಗಳು ಹಾರಾಟಕ್ಕೇ ಉಳಿಯುತ್ತವೆ.

ಟೈಪ್ ರೇಟಿಂಗ್

ಖರ್ಚು ಹೆಚ್ಚು, ಅವಸರವೂ ಇಲ್ಲೇ ಹೆಚ್ಚು. ಒಂದು ರೇಟಿಂಗ್ ಆ ಮಾದರಿಯ ವಿಮಾನಕ್ಕೆ ಮಾತ್ರ. ಎ320 ಮಾಡಿದರೆ ಎ319, ಎ321 ಅದರೊಳಗೇ ಬರುತ್ತವೆ, ಬೋಯಿಂಗ್ 737 ಬರುವುದಿಲ್ಲ. ಸಾಂಬ್ರಾದಲ್ಲಿ ನಾವು ನೋಡುವ ಸ್ಟಾರ್ ಏರ್‌ನಲ್ಲೇ ಎಂಬ್ರಾಯರ್ 145, 175 ಎರಡೂ ಇವೆ. ತಯಾರಕರು ಒಬ್ಬರೇ ಆದರೂ ರೇಟಿಂಗ್ ಬೇರೆ ಬೇರೆ. ಕೆಲಸ ಕೊಡುವವರು ಯಾವ ವಿಮಾನ ಹಾರಿಸುತ್ತಾರೆಂದು ತಿಳಿಯದೆ ದುಡ್ಡು ಕಟ್ಟುವುದು ಬೇಡ ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಏರ್‌ಲೈನ್‌ಗಳೇ ಹೊಸಬರನ್ನು ಆರಿಸಿ ತಯಾರು ಮಾಡುವ ಕೆಡೆಟ್ ಯೋಜನೆಗಳಲ್ಲಿ ಟೈಪ್ ರೇಟಿಂಗ್ ಸೇರಿರುವುದುಂಟು, ಅಂಥಲ್ಲಿ ಕರಾರು ಎಷ್ಟು ವರ್ಷದ್ದೆಂದು ಓದಿ. ಸಿಮ್ಯುಲೇಟರ್ ಆದ ಮೇಲೆ ನಿಜವಾದ ವಿಮಾನದಲ್ಲಿ ಲ್ಯಾಂಡಿಂಗ್ ಮಾಡಿಸುವ ಬೇಸ್ ಟ್ರೈನಿಂಗ್ ಶುಲ್ಕದಲ್ಲಿ ಸೇರಿದೆಯೇ ಎಂಬುದನ್ನು ಬರವಣಿಗೆಯಲ್ಲಿ ತೆಗೆದುಕೊಳ್ಳಿ.

ಇನ್ನೊಂದು. ಇನ್‌ಸ್ಟ್ರುಮೆಂಟ್ ರೇಟಿಂಗ್‌ನ ಅವಧಿ 12 ತಿಂಗಳು. ಹೊಸ ಕೋರ್ಸ್ ಹುಡುಕುತ್ತಾ ಕೂತು ಅದು ಮುಗಿದುಹೋದರೆ ಮತ್ತೆ ಹಾರಾಟ ಪರೀಕ್ಷೆ, ಮತ್ತೆ ಖರ್ಚು. ಕೈಯಲ್ಲಿ ಸ್ವಲ್ಪವೇ ಹಣ ಉಳಿದಿದ್ದರೆ ಮೊದಲು ಇದನ್ನು ನವೀಕರಿಸಿ, ಆಮೇಲೆ ಎಂಸಿಸಿ ವಿಚಾರಿಸಿ.