ಫ್ಲೋರಿಡಾ ಡಿಸ್ನಿಯೋ, ಕ್ಯಾಲಿಫೋರ್ನಿಯಾ ಡಿಸ್ನಿಯೋ: ಯಾವುದಕ್ಕೆ ದುಡ್ಡು ಕಮ್ಮಿ?

ಪ್ರಶ್ನೆ: ಅಕ್ಕಾ, ನಾವು ಡಲ್ಲಾಸ್ ಹತ್ತಿರ ಫ್ರಿಸ್ಕೊದಲ್ಲಿದ್ದೇವೆ. ಮಾರ್ಚ್ ರಜೆಯ ಹೊತ್ತಿಗೆ ಅಪ್ಪ, ಅಮ್ಮ ದಾವಣಗೆರೆಯಿಂದ ಬರ್ತಿದ್ದಾರೆ. ನಾವಿಬ್ಬರು, 11 ವರ್ಷದ ಮಗಳು, 4 ವರ್ಷದ ಮಗ, ಒಟ್ಟು ಆರು ಜನ. ಫ್ಲೋರಿಡಾದ ಡಿಸ್ನಿ ವರ್ಲ್ಡ್‌ಗೆ ಹೋಗೋದಾ, ಕ್ಯಾಲಿಫೋರ್ನಿಯಾದ ಡಿಸ್ನಿಲ್ಯಾಂಡ್‌ಗಾ? ಫ್ಲೋರಿಡಾದಲ್ಲಿ ಐದು ದಿನದ ಟಿಕೆಟ್ ತಗೊಂಡರೆ ದಿನಕ್ಕೆ ತುಂಬಾ ಅಗ್ಗ ಬೀಳುತ್ತೆ ಅಂತ ಗೆಳೆಯರೆಲ್ಲ ಹೇಳ್ತಾರೆ. ನಿಜವಾ?

ಉತ್ತರ: ಸಂಕ್ರಾಂತಿ ಎಳ್ಳುಬೆಲ್ಲ ಡಬ್ಬಿಯಲ್ಲಿ ಇನ್ನೂ ಇರುವಾಗಲೇ ಈ ಪ್ರಶ್ನೆ ಬರಲು ಶುರುವಾಗುತ್ತೆ. ಊರು ಬೇರೆ, ಮಕ್ಕಳ ವಯಸ್ಸು ಬೇರೆ, ಆದರೆ ಕೊನೆಯ ಸಾಲು ಮಾತ್ರ ಪ್ರತಿ ಸಲವೂ ಅದೇ: "ದಿನಕ್ಕೆ ಅಗ್ಗ ಬೀಳುತ್ತೆ." ಈ ಒಂದು ಸಾಲಿಗೆ ನಾನು ಎಷ್ಟು ಸಲ ಉತ್ತರ ಬರೆದಿದ್ದೀನೋ ಲೆಕ್ಕ ಇಟ್ಟಿಲ್ಲ. ಇವತ್ತು ಪೂರ್ತಿ ಬರೆದುಬಿಡ್ತೀನಿ.

ಮೊದಲು ನಿಮಗೆ ಬೇಕಾದ್ದು. ಟೆಕ್ಸಸ್‌ನಿಂದ ಹೊರಡುವ ಆರು ಜನ, ಜೊತೆಗೆ ಒಂದು ಚಿಕ್ಕ ಮಗು, ಇಬ್ಬರು ಹಿರಿಯರು ಅಂದರೆ ಕ್ಯಾಲಿಫೋರ್ನಿಯಾ ಪ್ರವಾಸದ ಒಟ್ಟು ಖರ್ಚು ಕಮ್ಮಿ. ಸ್ವಲ್ಪ ಅಲ್ಲ, ಚೆನ್ನಾಗಿಯೇ ಕಮ್ಮಿ. ಅಲ್ಲಿ ಟಿಕೆಟ್ ಅಗ್ಗ ಅಂತ ಅಲ್ಲ, ಅಲ್ಲಿ ನೋಡೋದು ಎರಡು ದಿನಕ್ಕೆ ಮುಗಿಯುತ್ತೆ ಅಂತ.

ಎರಡೂ ಜಾಗದ ವಿಸ್ತಾರ ಗೊತ್ತಿದ್ದರೆ ಇದು ತಾನಾಗಿ ಅರ್ಥವಾಗುತ್ತೆ. ಕ್ಯಾಲಿಫೋರ್ನಿಯಾದ ಅನಾಹೈಮ್ ಊರಿನ ಡಿಸ್ನಿಲ್ಯಾಂಡ್ ಶುರುವಾದದ್ದು 1955ರ ಜುಲೈ 17ಕ್ಕೆ. ಅದರ ಎದುರಿಗೇ 2001ರಲ್ಲಿ ಕ್ಯಾಲಿಫೋರ್ನಿಯಾ ಅಡ್ವೆಂಚರ್ ಅನ್ನುವ ಎರಡನೇ ಪಾರ್ಕ್ ಬಂತು. ಎರಡರ ಬಾಗಿಲೂ ಎದುರುಬದುರು, ನಡುವೆ ಒಂದು ಅಂಗಳ ಅಷ್ಟೇ. ಫ್ಲೋರಿಡಾದ್ದು 1971ರ ಅಕ್ಟೋಬರ್ 1ಕ್ಕೆ ಮ್ಯಾಜಿಕ್ ಕಿಂಗ್‌ಡಮ್‌ನಿಂದ ಶುರುವಾಗಿ, 1982ರಲ್ಲಿ ಎಪ್ಕಾಟ್, 1989ರಲ್ಲಿ ಈಗ ಹಾಲಿವುಡ್ ಸ್ಟುಡಿಯೋಸ್ ಅನ್ನುವ ಪಾರ್ಕ್, 1998ರಲ್ಲಿ ಅನಿಮಲ್ ಕಿಂಗ್‌ಡಮ್ ಸೇರಿ ನಾಲ್ಕು ಪಾರ್ಕ್ ಆಗಿದೆ. ಸುಮಾರು 40 ಚದರ ಮೈಲಿ ಜಾಗ. ಒಂದು ಪಾರ್ಕಿನಿಂದ ಇನ್ನೊಂದಕ್ಕೆ ಹೋಗಬೇಕಾದರೆ ಬಹುತೇಕ ಏನಾದರೂ ಹತ್ತಲೇಬೇಕು. ಇಲ್ಲಿಗೆ ಹೋದವರು ಎರಡು ದಿನಕ್ಕೆ ವಾಪಸ್ ಬರೋದಿಲ್ಲ, ಬಂದರೆ ಮನಸ್ಸಿಗೆ ಸಮಾಧಾನವೂ ಇರೋದಿಲ್ಲ.

ಈಗ ಆ "ದಿನಕ್ಕೆ ಅಗ್ಗ" ಅನ್ನುವ ಮಾತು. ಟಿಕೆಟ್ ಮಟ್ಟಿಗೆ ಅದು ಸುಳ್ಳಲ್ಲ. ದಿನ ಹೆಚ್ಚಿದಷ್ಟೂ ಟಿಕೆಟಿನ ಸರಾಸರಿ ಇಳಿಯುತ್ತೆ, ಎರಡೂ ಕಡೆ. ಆದರೆ ನಿಮ್ಮ ಕಾರ್ಡಿನಿಂದ ಹೋಗೋದು ಸರಾಸರಿ ಅಲ್ಲ, ಮೊತ್ತ. ಆಷಾಢದ ರಿಯಾಯಿತಿಯಲ್ಲಿ ಒಂದು ಸೀರೆಗೆ ಅಂತ ಹೋಗಿ, ಮೂರು ತಗೊಂಡರೆ ಒಂದಕ್ಕೆ ಕಮ್ಮಿ ಬೀಳುತ್ತೆ ಅಂತ ಮೂರನ್ನೂ ಚೀಲಕ್ಕೆ ಹಾಕಿಕೊಂಡು ಬಂದರೆ ಮನೆಯಲ್ಲಿ ದುಡ್ಡು ಉಳಿಯುತ್ತಾ?

ಕಾಗದ, ಪೆನ್ನು ತಗೊಳ್ಳಿ. ಟಿಕೆಟ್, ರೂಮಿನ ದರ ದಿನಾಂಕದ ಮೇಲೆ ಬದಲಾಗ್ತಾ ಇರುತ್ತೆ, ಆದ್ದರಿಂದ ನಾನು ಲೆಕ್ಕಕ್ಕೆ ಅನುಕೂಲವಾಗಲಿ ಅಂತ ದುಂಡು ಸಂಖ್ಯೆ ಇಟ್ಟುಕೊಳ್ತೀನಿ. ನೀವು ನಿಮ್ಮ ದಿನಾಂಕದ ದರ ಹಾಕಿ ಇದೇ ಥರ ಮಾಡಿ. ವಿಮಾನದ ಖರ್ಚು ಎರಡೂ ಕಡೆಗೂ ಒಂದೇ ಅಂತ ಇಟ್ಟು ಸದ್ಯಕ್ಕೆ ಬದಿಗಿಡೋಣ. ಡಲ್ಲಾಸ್ ನಡುವೆ ಇರೋದರಿಂದ ಅದು ತೀರಾ ತಪ್ಪೂ ಆಗೋದಿಲ್ಲ.

ಫ್ಲೋರಿಡಾ, ಐದು ದಿನದ ಟಿಕೆಟ್ ತಲೆಗೆ 600 ಡಾಲರ್, ಅಂದರೆ ದಿನಕ್ಕೆ 120. ಆರು ಜನಕ್ಕೆ 3,600. ಇದರ ಮೇಲೆ ಅಲ್ಲಿ 6.5 ಶೇಕಡಾ ಮಾರಾಟ ತೆರಿಗೆ ಬೀಳುತ್ತೆ, ತೋರಿಸುವ ದರದಲ್ಲಿ ಅದು ಸೇರಿರೋದಿಲ್ಲ. ಹಾಗಾಗಿ 3,834. ಐದು ದಿನ ಪಾರ್ಕ್ ಅಂದರೆ ಆರು ರಾತ್ರಿ. ಆರು ಜನ ಒಟ್ಟಿಗೆ ಇರುವ ಫ್ಯಾಮಿಲಿ ಸೂಟ್ ರಾತ್ರಿಗೆ 400 ಅಂತ ಹಿಡಿದರೆ 2,400, ಅಲ್ಲಿನ ಹೋಟೆಲ್ ತೆರಿಗೆ 12.5 ಶೇಕಡಾ ಸೇರಿ 2,700. ಊಟ ಆರು ಜನಕ್ಕೆ ದಿನಕ್ಕೆ 150ರಂತೆ ಏಳು ದಿನಕ್ಕೆ 1,050. ಒಟ್ಟು 7,584.

ಕ್ಯಾಲಿಫೋರ್ನಿಯಾ, ಎರಡು ದಿನದ ಟಿಕೆಟ್ ತಲೆಗೆ 340, ದಿನಕ್ಕೆ 170. ನೋಡಿದ ಕೂಡಲೇ ದುಬಾರಿ ಅನ್ನಿಸುತ್ತೆ. ಆರು ಜನಕ್ಕೆ 2,040. ಇಲ್ಲಿ ಟಿಕೆಟ್ ಮೇಲೆ ಮಾರಾಟ ತೆರಿಗೆ ಇಲ್ಲ. ಮೂರು ರಾತ್ರಿ, 200ರ ಎರಡು ರೂಮು, 1,200. ಅನಾಹೈಮ್‌ನ ಹೋಟೆಲ್ ತೆರಿಗೆ ಜಾಸ್ತಿ, ರೆಸಾರ್ಟ್ ಪ್ರದೇಶದಲ್ಲಿ ಎಲ್ಲ ಸೇರಿ 17 ಶೇಕಡಾ, ಹಾಗಾಗಿ 1,404. ಊಟ ನಾಲ್ಕು ದಿನಕ್ಕೆ 600. ಒಟ್ಟು 4,044.

ಈಗ ಗೆಳೆಯರು ಹೇಳಿದ ಹಾಗೆ ಪಾರ್ಕಿನ ದಿನಕ್ಕೆ ಭಾಗಿಸಿ. ಫ್ಲೋರಿಡಾ ದಿನಕ್ಕೆ ಸುಮಾರು 1,517. ಕ್ಯಾಲಿಫೋರ್ನಿಯಾ 2,022. ದಿನಕ್ಕೆ 505 ಡಾಲರ್ ಫ್ಲೋರಿಡಾವೇ ಅಗ್ಗ! ಆದರೆ ಮನೆಗೆ ಬಂದು ಕಾರ್ಡಿನ ಬಿಲ್ ತೆಗೆದರೆ ಫ್ಲೋರಿಡಾಕ್ಕೆ 3,540 ಡಾಲರ್ ಹೆಚ್ಚು ಕೊಟ್ಟಿರ್ತೀರಿ. ಎರಡು ಸಂಖ್ಯೆಯೂ ಸರಿ. ಬಿಲ್ ಕಟ್ಟುವಾಗ ಕೆಲಸಕ್ಕೆ ಬರೋದು ಎರಡನೆಯದು ಮಾತ್ರ.

ಇದೇ ನಂಬಿಕೆಯ ಇನ್ನೊಂದು ರೂಪ ಇದೆ, ಅದು ಇನ್ನೂ ಜಿಗುಟು: "ನಾಲ್ಕು ದಿನಕ್ಕೂ ಐದು ದಿನಕ್ಕೂ ತಲೆಗೆ 25 ಡಾಲರ್ ವ್ಯತ್ಯಾಸ ಅಷ್ಟೇ, ಐದೇ ತಗೊಳ್ಳೋಣ." ಆ 25 ಡಾಲರಿನ ದಿನವನ್ನೂ ಬಿಡಿಸಿ ನೋಡಿ. ಆರು ಜನಕ್ಕೆ 150, ತೆರಿಗೆ ಸೇರಿ 160. ಒಂದು ರಾತ್ರಿ ರೂಮು 450. ಊಟ 150. ಅಲ್ಲಿಗೆ 760 ಡಾಲರ್. ಆಫೀಸಿನ ಒಂದು ರಜೆ ಹೋದದ್ದು ಬೇರೆ. ಟಿಕೆಟ್ ಕೌಂಟರಿನಲ್ಲಿ ಕಾಣೋದು 25, ಉಳಿದದ್ದು ಬೇರೆ ಬೇರೆ ಬಿಲ್ಲಿನಲ್ಲಿ ಬರುತ್ತೆ. ಯಾರೂ ಅದನ್ನು ಒಟ್ಟಿಗೆ ಕೂಡಿಸಿ ನಿಮ್ಮ ಮುಂದೆ ಇಡೋದಿಲ್ಲ.

ನಾವು ಮೊದಲ ಸಲ ಹೋದಾಗ ನಾನೂ ಇದೇ ಲೆಕ್ಕದಲ್ಲಿ ಆರು ದಿನದ್ದು ತಗೊಂಡಿದ್ದೆ. ಐದನೇ ದಿನ ಬೆಳಿಗ್ಗೆ ಮಗಳು ಹೋಟೆಲ್ ಹಾಸಿಗೆಯ ಮೇಲೆ ಬೂಟು ಹಾಕಿಕೊಳ್ಳದೆ ಕೂತು, "ಅಮ್ಮಾ, ಇವತ್ತು ಪೂಲ್ ಸಾಕು" ಅಂದಳು. ಪೂಲಿಗೆ ಪಾರ್ಕ್ ಟಿಕೆಟ್ ಬೇಕಿಲ್ಲ. ಕೊನೆಯ ಎರಡು ದಿನ ನಾವು ಪಾರ್ಕಿನ ಬಾಗಿಲು ನೋಡಲೇ ಇಲ್ಲ. ಅಲ್ಲಿಂದ ಈಚೆಗೆ ನಾನು ಕೇಳುವವರಿಗೆಲ್ಲ ಹೇಳೋದು ಒಂದೇ: ಮೊದಲು ಎಷ್ಟು ದಿನ ಬೇಕು ಅಂತ ತೀರ್ಮಾನ ಮಾಡಿ, ಆಮೇಲೆ ದರ ನೋಡಿ. ದರ ನೋಡಿ ದಿನ ತೀರ್ಮಾನ ಮಾಡಬೇಡಿ.

ಮನಸ್ಸು ಫ್ಲೋರಿಡಾಕ್ಕೇ ಹೋಗಿದ್ದರೆ ಮೂರು ದಿನಕ್ಕೆ ಹೋಗಿ. ಮೂರು ದಿನದ್ದು ತಲೆಗೆ 450, ನಾಲ್ಕು ರಾತ್ರಿ, ಐದು ದಿನದ ಊಟ ಅಂತ ಕೂಡಿದರೆ 5,400ರ ಆಸುಪಾಸು. ಕ್ಯಾಲಿಫೋರ್ನಿಯಾಗಿಂತ ಆಗಲೂ ಹೆಚ್ಚೇ, ಆದರೆ ಅದು ಹೊತ್ತುಕೊಳ್ಳಬಹುದಾದ ಹೆಚ್ಚು. ನಿಮ್ಮ ಮಕ್ಕಳ ವಯಸ್ಸಿಗೆ ಮ್ಯಾಜಿಕ್ ಕಿಂಗ್‌ಡಮ್ ಮತ್ತು ಅನಿಮಲ್ ಕಿಂಗ್‌ಡಮ್ ಖಂಡಿತ. ಮೂರನೆಯದು ಮಗಳು ಆರಿಸಲಿ.

ಮಗಳ ವಿಷಯ ಬಂದದ್ದಕ್ಕೆ ಹೇಳ್ತೀನಿ, ಎರಡೂ ಕಡೆ 10 ವರ್ಷ ತುಂಬಿದವರಿಗೆ ದೊಡ್ಡವರ ಟಿಕೆಟ್. ನೀವು "ಇಬ್ಬರು ಮಕ್ಕಳು" ಅಂತ ಲೆಕ್ಕ ಹಾಕಿದ್ದರೆ ತಿದ್ದಿಕೊಳ್ಳಿ. 3ರಿಂದ 9ರವರೆಗೆ ಮಕ್ಕಳ ಟಿಕೆಟ್ ಇದ್ದರೂ ರಿಯಾಯಿತಿ ಹೆಸರಿಗೆ ಮಾತ್ರ. ನಾನು ಮೇಲೆ ಆರು ಜನಕ್ಕೂ ಒಂದೇ ದರ ಹಿಡಿದದ್ದು ಅದಕ್ಕೇ. 3 ವರ್ಷದ ಒಳಗಿದ್ದರೆ ಟಿಕೆಟ್ಟೇ ಇಲ್ಲ.

ನಾಲ್ಕು ವರ್ಷದ ಮಗನಿಗೆ ವಯಸ್ಸಿಗಿಂತ ಎತ್ತರ ಮುಖ್ಯ. ಹೊರಡುವ ಮುಂಚೆ ಬಾಗಿಲ ಚೌಕಟ್ಟಿಗೆ ನಿಲ್ಲಿಸಿ ಪೆನ್ಸಿಲ್ ಗುರುತು ಹಾಕಿ ಅಳೆಯಿರಿ. ಸ್ಪೇಸ್ ಮೌಂಟನ್ ಅನ್ನುವ ರೋಲರ್ ಕೋಸ್ಟರ್ ಎರಡೂ ಕಡೆ ಇದೆ, ಆದರೆ ಅನಾಹೈಮ್‌ನಲ್ಲಿ 40 ಇಂಚು ಸಾಕು, ಫ್ಲೋರಿಡಾದಲ್ಲಿ 44 ಬೇಕು. ಈ ವಯಸ್ಸಿನಲ್ಲಿ ನಾಲ್ಕು ಇಂಚು ಅಂದರೆ ಒಂದೂವರೆ ವರ್ಷದ ಬೆಳವಣಿಗೆ. ಮಗ ಹತ್ತಲಾಗದ ಕಡೆ ರೈಡರ್ ಸ್ವಿಚ್ ಕೇಳಿ. ಒಬ್ಬರು ಹೋಗಿ ಬರುವವರೆಗೆ ಇನ್ನೊಬ್ಬರು ಮಗು ನೋಡಿಕೊಂಡು, ಆಮೇಲೆ ಮತ್ತೆ ಪೂರ್ತಿ ಕ್ಯೂ ನಿಲ್ಲದೆ ಹೋಗಬಹುದು. ಅದಕ್ಕೆ ದುಡ್ಡಿಲ್ಲ. ಕ್ಯೂ ತಪ್ಪಿಸುವ ಲೈಟ್ನಿಂಗ್ ಲೇನ್‌ಗೆ ದುಡ್ಡಿದೆ, ಅದೂ ತಲೆಗೆ, ದಿನಕ್ಕೆ. ಮೊದಲಿದ್ದ ಪುಕ್ಕಟೆ ಫಾಸ್ಟ್‌ಪಾಸ್ ಈಗಿಲ್ಲ. ಬೆಳಿಗ್ಗೆ ಗೇಟು ತೆರೆಯುವ ಮುಂಚೆ ನಿಂತಿರುವ ಸಂಸಾರಕ್ಕೆ ಅದರ ಅಗತ್ಯ ಕಮ್ಮಿ.

ಹೋಟೆಲ್ ಒಳಗೋ ಹೊರಗೋ ಅನ್ನೋದಕ್ಕೆ ಎರಡೂ ಊರಿಗೆ ಉತ್ತರ ಬೇರೆ. ಅನಾಹೈಮ್‌ನಲ್ಲಿ ಹಾರ್ಬರ್ ಬುಲೆವಾರ್ಡ್ ದಾಟಿದರೆ ಪಾರ್ಕು, ಹೊರಗಿನ ಹೋಟೆಲಿನಿಂದ ನಡೆದೇ ಹೋಗಬಹುದು. ಕಾರೂ ಬೇಡ, ಪಾರ್ಕಿಂಗೂ ಬೇಡ. ಫ್ಲೋರಿಡಾದಲ್ಲಿ ಹೊರಗೆ ಉಳಿದರೆ ಬಾಡಿಗೆ ಕಾರು, ಮೇಲೆ ದಿನಾ 30 ಡಾಲರಿಗೆ ಕಮ್ಮಿಯಿಲ್ಲದ ಪಾರ್ಕಿಂಗ್. ಡಿಸ್ನಿಯದೇ ಹೋಟೆಲಿನಲ್ಲಿದ್ದರೆ ಪಾರ್ಕುಗಳಿಗೆ ಬಸ್ಸು ಪುಕ್ಕಟೆ. ಆದರೆ ವಿಮಾನ ನಿಲ್ದಾಣದಿಂದ ಕರೆತರುತ್ತಿದ್ದ ಉಚಿತ ಬಸ್ಸು 2022ರ ಆರಂಭದಲ್ಲೇ ನಿಂತಿದೆ. ಹಳೆಯ ಅನುಭವದ ಮೇಲೆ ಹೇಳುವವರ ಮಾತು ಕೇಳಿ ಕಾಯ್ತಾ ನಿಲ್ಲಬೇಡಿ.

ಊಟಕ್ಕೆ ದಿನಕ್ಕೆ 150 ಸಾಲುತ್ತಾ ಅಂತ ಕೇಳ್ತೀರಿ. ಮೂರು ಹೊತ್ತೂ ಪಾರ್ಕಿನಲ್ಲೇ ತಿಂದರೆ ಆರು ಜನಕ್ಕೆ ಸಾಲೋದಿಲ್ಲ. ಎರಡೂ ಕಡೆ ಮನೆಯ ಊಟ ಒಳಗೆ ಬಿಡ್ತಾರೆ, ಗಾಜಿನ ಪಾತ್ರೆ ಮಾತ್ರ ಬೇಡ. ನಾನು ಚಪಾತಿಗೆ ಚಟ್ನಿಪುಡಿ, ಎಣ್ಣೆ ಸವರಿ ಸುರುಳಿ ಸುತ್ತಿ ಎರಡು ಸ್ಟೀಲ್ ಡಬ್ಬಿ ತುಂಬಿಸಿಕೊಂಡು ಹೋಗ್ತೀನಿ. ಗೇಟಿನ ತಪಾಸಣೆ ಮೇಜಿನ ಮೇಲೆ ಒಬ್ಬ ಹುಡುಗ ಮುಚ್ಚಳ ತೆಗೆದು ನೋಡಿ, ಬೆಳ್ಳುಳ್ಳಿ ಘಮ ಹಿಡಿದು, ನಕ್ಕು, ಮುಚ್ಚಿ ಕೊಟ್ಟ. ಒಳಗೆ ಆಹಾರದ ಕೌಂಟರಿನಲ್ಲಿ ಕೇಳಿದರೆ ತಣ್ಣನೆ ನೀರು ಪುಕ್ಕಟೆ ಕೊಡ್ತಾರೆ, ಬಾಟಲಿ ಕೊಳ್ಳಬೇಡಿ. ಅನಾಹೈಮ್‌ನಿಂದ ಕಾರಿನಲ್ಲಿ ಸ್ವಲ್ಪ ದೂರ ಹೋದರೆ ಆರ್ಟೀಸಿಯಾದ ಪಯೊನಿಯರ್ ಬುಲೆವಾರ್ಡ್, ಅಲ್ಲಿ ದೋಸೆಗೆ ಬರವಿಲ್ಲ. ಫ್ಲೋರಿಡಾದಲ್ಲಿ ಅನಿಮಲ್ ಕಿಂಗ್‌ಡಮ್ ಲಾಡ್ಜ್ ಅನ್ನುವ ಡಿಸ್ನಿ ಹೋಟೆಲಿನ ಸನಾ ರೆಸ್ಟೋರೆಂಟಿನಲ್ಲಿ ಬಗೆಬಗೆಯ ನಾನ್, ಚಟ್ನಿ ಸಿಗುತ್ತೆ. ಕಿಟಕಿಯಾಚೆ ಜಿರಾಫೆ ಓಡಾಡ್ತಾ ಇರ್ತವೆ. ಅದಕ್ಕೆ ಪಾರ್ಕ್ ಟಿಕೆಟ್ ಬೇಡ.

ನೀವು ಕೇಳದೇ ಇದ್ದದ್ದು, ಆದರೆ ಕೇಳಬೇಕಾಗಿದ್ದದ್ದು ಒಂದಿದೆ. ಅಪ್ಪ, ಅಮ್ಮನಿಗೆ ಎಲ್ಲ ದಿನಕ್ಕೂ ಟಿಕೆಟ್ ಬೇಕಾ? ಬಹಳ ಮನೆಗಳಲ್ಲಿ ಅವರಿಗೂ ಮಕ್ಕಳಷ್ಟೇ ದಿನದ್ದು ತಗೊಂಡು, ಎರಡನೇ ದಿನ ಮಧ್ಯಾಹ್ನ ಮಂಡಿ ಹಿಡಿದುಕೊಂಡು ಬೆಂಚಿನ ಮೇಲೆ ಕೂರಿಸಿರ್ತಾರೆ. ಅವರು ಬಾಯಿಬಿಟ್ಟು ಹೇಳೋದಿಲ್ಲ, ಮಗ ದುಡ್ಡು ಕೊಟ್ಟಿದ್ದಾನೆ ಅಂತ ಸುಮ್ಮನಿರ್ತಾರೆ. ಅವರಿಗೆ ಒಂದು ದಿನದ್ದೇ ತಗೊಳ್ಳಿ. ಅನಾಹೈಮ್‌ನಲ್ಲಿ ಒಂದು ದಿನದ ದರ ದಿನಾಂಕದ ಮೇಲೆ ನಿಂತಿದೆ. ಈಚಿನ ವರ್ಷಗಳಲ್ಲಿ ಅಗ್ಗದ ದಿನ 104 ಡಾಲರ್, ದುಬಾರಿ ದಿನ 200 ದಾಟುತ್ತೆ. ಮಾರ್ಚ್ ರಜೆಯಲ್ಲಿ ದುಬಾರಿ ದರವೇ ಬಿದ್ದರೂ ಎರಡು ದಿನದ್ದಕ್ಕಿಂತ ಕಮ್ಮಿ. ಒಂದು ಎಚ್ಚರ: ಅವರ ಹೆಸರಿಗೆ ಎರಡು ದಿನದ್ದು ತಗೊಂಡು ಎರಡನೇ ದಿನ ಬೇರೆಯವರು ಹೋಗೋಣ ಅಂತ ಯೋಚಿಸಬೇಡಿ. ಬೆರಳ ಗುರುತೋ ಫೋಟೋವೋ ತಗೊಂಡು ಟಿಕೆಟ್ಟಿಗೆ ಜೋಡಿಸಿರ್ತಾರೆ.

ಟಿಕೆಟ್ ಇಲ್ಲದ ದಿನ ಅವರನ್ನು ಎಲ್ಲಿ ಕಳಿಸೋದು? ಹಿರಿಯರ ಮಟ್ಟಿಗೆ ಇಲ್ಲಿ ಫ್ಲೋರಿಡಾ ನಿಜವಾಗಿ ಗೆಲ್ಲುತ್ತೆ. ಅನಾಹೈಮ್‌ನ ಮೊನೊರೈಲಿಗೆ ಪಾರ್ಕ್ ಟಿಕೆಟ್ ಬೇಕು, ಅದರ ಒಂದು ನಿಲ್ದಾಣ ಪಾರ್ಕಿನ ಒಳಗೇ ಇದೆ. ಫ್ಲೋರಿಡಾದ ಮೊನೊರೈಲು, ದೋಣಿ, 2019ರಲ್ಲಿ ಬಂದ, ತಂತಿಗೆ ತೂಗಿಕೊಂಡು ಸಾಗುವ ಸ್ಕೈಲೈನರ್ ಅನ್ನುವ ತೊಟ್ಟಿಲು, ಯಾವುದಕ್ಕೂ ಟಿಕೆಟ್ ಇಲ್ಲ. ಆರು ಜನದ ಸೂಟ್ ಇರುವ ಆರ್ಟ್ ಆಫ್ ಅನಿಮೇಶನ್ ಹೋಟೆಲಿನ ಪಕ್ಕದಲ್ಲೇ ಸ್ಕೈಲೈನರ್ ನಿಲ್ದಾಣ. ಬೆಳಗಿನ ತಿಂಡಿ ಮುಗಿಸಿ ಇಬ್ಬರೂ ಅದರಲ್ಲಿ ಕೂತು ಕೆರೆಯ ಮೇಲೆ ತೇಲಿಕೊಂಡು ಹೋಗಿ ಬರಬಹುದು, ಎಷ್ಟು ಸಲ ಬೇಕಾದರೂ. ಸಂಜೆ ನೀವು ಮಕ್ಕಳ ಜೊತೆ ಮ್ಯಾಜಿಕ್ ಕಿಂಗ್‌ಡಮ್ ಒಳಗಿರುವಾಗ ಅವರು ಮೊನೊರೈಲಿನಲ್ಲಿ ಪಾಲಿನೇಶಿಯನ್ ಹೋಟೆಲಿಗೆ ಹೋಗಿ, ಅಲ್ಲಿನ ಮರಳ ದಂಡೆಯ ಕುರ್ಚಿಯಲ್ಲಿ ಕೂರಲಿ. ನೀರಿನಾಚೆ ಕೋಟೆ ಕಾಣುತ್ತೆ, ಪಟಾಕಿಯೂ ಅಲ್ಲಿಂದಲೇ ಕಾಣುತ್ತೆ. 1971ರಿಂದ ನಡೆದುಬಂದ ದೀಪದ ತೆಪ್ಪಗಳ ಮೆರವಣಿಗೆ ಅವತ್ತು ಇದ್ದರೆ ಅದೂ ಅವರ ಮುಂದೆಯೇ ಹಾದುಹೋಗುತ್ತೆ. ನನ್ನ ಅತ್ತೆ ಅದನ್ನು ನೋಡಿ, "ನಮ್ಮೂರ ತೆಪ್ಪೋತ್ಸವದ ಹಾಗೇ ಇದೆಯಲ್ಲೇ" ಅಂದಿದ್ದರು. ಶಾಲು ಕೊಟ್ಟು ಕಳಿಸಿ, ನೀರಿನ ಪಕ್ಕ ರಾತ್ರಿ ಗಾಳಿ ಇರುತ್ತೆ.