ಮಗಳು ಶಾಲೆಯಲ್ಲಿ ಟಾಯ್ಲೆಟ್‌ಗೆ ಹೋಗುವುದೇ ಇಲ್ಲ, ಏನು ಮಾಡಲಿ?

ಪ್ರಶ್ನೆ: ನನ್ನ ಮಗಳಿಗೆ ಆರು ವರ್ಷ. ಬೆಳಿಗ್ಗೆ ಶಾಲೆಗೆ ಹೋದರೆ ಸಂಜೆ ಮನೆಗೆ ಬರುವವರೆಗೂ ಮೂತ್ರ ತಡೆದುಕೊಂಡೇ ಇರುತ್ತಾಳೆ. ಕೇಳಿದರೆ "ಅಲ್ಲಿ ಗಲೀಜು" ಅನ್ನುತ್ತಾಳೆ. ಶಾಲೆಯ ಟಾಯ್ಲೆಟ್ಟನ್ನು ಶುಚಿಯಾಗಿ ಬಳಸುವುದನ್ನು ಹೇಗೆ ಕಲಿಸುವುದು?

ಉತ್ತರ: ಮೊದಲು ತಡೆದುಕೊಳ್ಳುವುದನ್ನು ಬಿಡಿಸಬೇಕು. ಶುಚಿ, ಶಿಸ್ತು ಆಮೇಲೆ. ಹೋಗಲೇ ಹೆದರುವ ಮಗುವಿಗೆ ಕೈ ತೊಳೆಯುವ ಪಾಠ ಹೇಳಿ ಏನು ಪ್ರಯೋಜನ, ಅಲ್ವಾ?

ಆರು ವರ್ಷದ ಮಗುವಿನ ಮೂತ್ರಕೋಶದಲ್ಲಿ ಹಿಡಿಸುವುದು ಸುಮಾರು 200ರಿಂದ 250 ಮಿಲಿಲೀಟರ್, ಒಂದು ಲೋಟದಷ್ಟು. ಸರಿಯಾಗಿ ನೀರು ಕುಡಿದರೆ ಎರಡು ಮೂರು ಗಂಟೆಗೊಮ್ಮೆ ಹೋಗಬೇಕು ಅನಿಸುವುದು ಸಹಜ. ಹಾಗಿದ್ದರೂ ಸಂಜೆವರೆಗೆ ತಡೆಯುತ್ತಾಳೆ ಅಂದರೆ, ಬಹುಶಃ ನೀರು ಕುಡಿಯುವುದನ್ನೇ ಬಿಟ್ಟಿದ್ದಾಳೆ. ನೀರಿನ ಬಾಟಲಿ ತುಂಬಿದ್ದು ತುಂಬಿದ ಹಾಗೇ ವಾಪಸ್ ಬರುತ್ತಿದೆಯಾ, ನೋಡಿ. ನೀರು ಕಡಿಮೆಯಾಗಿ, ತಡೆಯುವುದೂ ಅಭ್ಯಾಸವಾದರೆ ಮೂತ್ರದ ಸೋಂಕು ಬರುವ ಸಾಧ್ಯತೆ ಜಾಸ್ತಿ. ಮಲಬದ್ಧತೆಯೂ ಶುರುವಾಗುತ್ತದೆ. ಗಟ್ಟಿಯಾದ ಮಲ ಪಕ್ಕದ ಮೂತ್ರಕೋಶವನ್ನು ಒತ್ತುವುದರಿಂದ ಕೆಲವು ಮಕ್ಕಳಿಗೆ ಬಟ್ಟೆಯಲ್ಲೇ ಆಗಿಬಿಡುತ್ತದೆ. ಅದಕ್ಕೆ ಮಗುವನ್ನು ಬೈಯಬೇಡಿ.

"ಗಲೀಜು" ಅನ್ನುವ ಒಂದೇ ಮಾತಿನ ಹಿಂದೆ ಹಲವು ಕಾರಣಗಳು ಇರಬಹುದು. ಚಿಲಕ ಹಾಕಲು ಬರುವುದಿಲ್ಲ, ಇಲ್ಲವೇ ಒಳಗೆ ಸಿಕ್ಕಿಕೊಳ್ಳುವ ಭಯ. ದೊಡ್ಡ ಮಕ್ಕಳು ಬಾಗಿಲು ತಳ್ಳುತ್ತಾರೆ. ಕತ್ತಲೆ, ವಾಸನೆ, ಫ್ಲಶ್ ಸದ್ದು. ಬೆಲ್ಟು ಬಿಚ್ಚಲು ಬರುವುದಿಲ್ಲ. ಟೀಚರ್‌ನ ಕೇಳಲು ನಾಚಿಕೆ. "ಯಾಕೆ ಹೋಗಲ್ಲ?" ಅಂತ ನೇರವಾಗಿ ಕೇಳಿದರೆ ಉತ್ತರ ಸಿಗುವುದು ಕಷ್ಟ. "ಅಲ್ಲಿ ಬಾಗಿಲು ಹೇಗಿದೆ? ನಲ್ಲಿ ಎಲ್ಲಿದೆ? ಸೋಪು ಇರುತ್ತಾ?" ಅಂತ ಮಾತಿಗೆ ಎಳೆಯಿರಿ. ನಿಜವಾದ ತೊಂದರೆ ತಾನಾಗಿ ಹೊರಗೆ ಬರುತ್ತದೆ.

ಗಲೀಜಿನ ಭಯದಲ್ಲಿ ನಮ್ಮ ಪಾಲೂ ಇರುತ್ತದೆ. "ಅಲ್ಲಿ ಏನನ್ನೂ ಮುಟ್ಟಬೇಡ, ಕಾಯಿಲೆ ಬರುತ್ತೆ" ಅಂತ ಹೇಳಿ ಕಳಿಸಿದರೆ ಮಗು ಒಳಗೆ ಕಾಲಿಡುವುದಾದರೂ ಹೇಗೆ? ಗಾಯವಿಲ್ಲದ ಚರ್ಮ ಸೀಟಿಗೆ ತಾಗಿದ ಮಾತ್ರಕ್ಕೆ ಕಾಯಿಲೆ ಬರುವುದು ತೀರಾ ಅಪರೂಪ. ರೋಗಾಣುಗಳು ಹೆಚ್ಚಾಗಿ ಹೋಗುವುದು ಕೈಯಿಂದ ಬಾಯಿಗೆ. ಆದ್ದರಿಂದ "ಮುಟ್ಟಿದರೆ ಪರವಾಗಿಲ್ಲ, ಸೋಪು ಹಾಕಿ ಕೈ ತೊಳೆಯುವವರೆಗೆ ಬಾಯಿಗೆ, ಕಣ್ಣಿಗೆ ಕೈ ಹಾಕಬೇಡ" ಅನ್ನಿ. ಇದು ಮಗು ಪಾಲಿಸಬಲ್ಲ ಮಾತು.

ಕಲಿಸುವುದನ್ನು ಮನೆಯಲ್ಲೇ, ಯೂನಿಫಾರ್ಮ್ ಹಾಕಿಸಿ ಮಾಡಿ. ಅದೇ ಬಟ್ಟೆಯಲ್ಲಿ ತಾನೇ ಬಿಚ್ಚಿ ಹಾಕಿಕೊಳ್ಳಲು ಬರಬೇಕು. ಬರದಿದ್ದರೆ ಎಲಾಸ್ಟಿಕ್ ಇರುವ ಬಟ್ಟೆಗೆ ಶಾಲೆಯವರ ಒಪ್ಪಿಗೆ ಕೇಳಿ. ಕಮೋಡ್ ಮತ್ತು ಕುಕ್ಕರಗಾಲಲ್ಲಿ ಕೂರುವ ಟಾಯ್ಲೆಟ್ ಎರಡನ್ನೂ ಬಳಸಲು ತಿಳಿದಿರಲಿ. ಒಂದೇ ಬಗೆ ಗೊತ್ತಿರುವ ಮಗು ಶೂ ಹಾಕಿಕೊಂಡು ಕಮೋಡ್ ಮೇಲೆ ಹತ್ತಿ ಕೂರುತ್ತದೆ. ಒರೆಸುವುದು, ತೊಳೆಯುವುದು ಯಾವಾಗಲೂ ಮುಂದಿನಿಂದ ಹಿಂದಕ್ಕೆ. ಹುಡುಗಿಯರ ಮೂತ್ರನಾಳ ಚಿಕ್ಕದು, ಮಲದ ಬ್ಯಾಕ್ಟೀರಿಯಾ ಬೇಗ ಒಳಗೆ ಸೇರುತ್ತದೆ. ಸೋಪಿನಲ್ಲಿ 20 ಸೆಕೆಂಡು ಉಜ್ಜಬೇಕು, ಉಗುರಿನ ಸಂದಿಯನ್ನೂ ಬಿಡಬಾರದು. ಒದ್ದೆ ಕೈಯಿಂದ ರೋಗಾಣು ಸುಲಭವಾಗಿ ಹರಡುತ್ತದೆ, ಹಾಗಾಗಿ ಕರವಸ್ತ್ರ ಕೊಟ್ಟು ಕಳಿಸಿ. ಸ್ಯಾನಿಟೈಸರ್ ಇದೆಯಲ್ಲ ಅಂತ ಸೋಪು ಬಿಡಬೇಡಿ. ವಾಂತಿ ಭೇದಿ ತರುವ ನೊರೋವೈರಸ್‌ನಂಥವು ಅದಕ್ಕೆ ಅಷ್ಟಾಗಿ ಬಗ್ಗುವುದಿಲ್ಲ.

ಶಿಸ್ತಿನ ವಿಷಯ ಸುಮ್ನೆ ಉದ್ದ ಮಾಡಬೇಕಿಲ್ಲ. ಬಾಗಿಲು ತಟ್ಟಿ ಒಳಗೆ ಹೋಗುವುದು, ಇಣುಕದಿರುವುದು, ಬಟ್ಟೆ ಒದ್ದೆ ಮಾಡಿಕೊಂಡವರನ್ನು ನೋಡಿ ನಗದಿರುವುದು. ನೀರು ಹಾಕಿದ ಮೇಲೆ ಒಮ್ಮೆ ತಿರುಗಿ ನೋಡುವುದು. ಮುಂದಿನವರು ಬರುತ್ತಾರೆ, ಮತ್ತು ಅದನ್ನು ತೊಳೆಯುವವರೂ ಒಬ್ಬರು ಇದ್ದಾರೆ ಅಂತ ಮಗುವಿಗೆ ಗೊತ್ತಿರಬೇಕು. ಇದರ ಜೊತೆಗೆ ಇನ್ನೊಂದು ಮಾತನ್ನು ಗಟ್ಟಿಯಾಗಿ ಹೇಳಿಕೊಡಿ. ಒಳಗೆ ಜೊತೆಗೆ ಬರುತ್ತೇನೆ ಅಂತ ಯಾರಾದರೂ ಒತ್ತಾಯ ಮಾಡಿದರೆ, ಫೋಟೊ ತೆಗೆದರೆ, ಕೂಗಿ ಹೊರಗೆ ಓಡಿ ಬಂದು ಟೀಚರ್‌ಗೂ ಮನೆಯಲ್ಲೂ ಹೇಳಬೇಕು.

ಇಷ್ಟೆಲ್ಲ ಕಲಿತ ಮಗುವಿಗೂ ಚಿಲಕ, ನೀರು, ಸೋಪು ಇಲ್ಲದ ಕಡೆ ಏನೂ ಮಾಡಲು ಆಗದು. ಅದನ್ನು ಕೇಳಬೇಕಾದವರು ನಾವು. ನಾಲ್ಕು ಮಂದಿ ಪಾಲಕರು ಒಟ್ಟಿಗೆ ಹೋಗಿ ಕೇಳಿ. "ಬಿಡುವಿನಲ್ಲಿ ಹೋಗಬೇಕಿತ್ತು" ಅಂತ ತರಗತಿಯಲ್ಲಿ ತಡೆಯಬಾರದು ಅಂತ ಟೀಚರ್‌ಗೂ ಹೇಳಿ. ಆರು ವರ್ಷದ ಮಗು ಗಂಟೆ ನೋಡಿಕೊಂಡು ಮೂತ್ರ ಮಾಡಲು ಆಗುವುದಿಲ್ಲ.

ಮೂತ್ರ ಮಾಡುವಾಗ ಉರಿ, ಜ್ವರ, ಹೊಟ್ಟೆನೋವು ಇದ್ದರೆ, ಅಥವಾ ಇಷ್ಟು ದಿನ ಸರಿಯಿದ್ದ ಮಗು ಈಗ ಬಟ್ಟೆ ಒದ್ದೆ ಮಾಡಿಕೊಳ್ಳುತ್ತಿದ್ದರೆ ಕಾಯಬೇಡಿ, ಮಕ್ಕಳ ವೈದ್ಯರಿಗೆ ತೋರಿಸಿ.