ದಾರಿಯಲ್ಲಿ ಚೈನು, ಗೇರು ಕೈಕೊಟ್ಟರೆ: ಸ್ಕ್ರೂ ತಿರುಗಿಸುವ ಮುಂಚೆ ಕಾರಣ ಹುಡುಕಿ

ಗೇರ್ ಸೈಕಲ್ಲಿಗೆ ಬ್ಯಾಗು ಕಟ್ಟಿಕೊಂಡು ಎರಡು ಮೂರು ದಿನ ಸುತ್ತಲು ಹೊರಡುವವರಿಗೆ ಈ ಟಿಪ್ಪಣಿ. ಹುಬ್ಬಳ್ಳಿಯಿಂದ ಅಣ್ಣಿಗೇರಿ, ಗದಗ, ಡಂಬಳ, ಆಮೇಲೆ ಕಪ್ಪತಗುಡ್ಡದ ಬುಡದ ಡೋಣಿ ಅಂತ ಒಂದು ದಾರಿ ಇಟ್ಟುಕೊಳ್ಳೋಣ. ಹಳ್ಳಿಗಳಲ್ಲಿ ಪಂಕ್ಚರ್ ಅಂಗಡಿ ಸಿಗುತ್ತದೆ. ಆದರೆ ಅಲ್ಲಿ ಸಿಗುವುದು ಸಾದಾ ಸೈಕಲ್ಲಿನ ಚೈನು. ಪಿನ್ನಿನಿಂದ ಪಿನ್ನಿಗೆ ಅದರ ಅಂತರವೂ ನಮ್ಮ ಚೈನಿನಷ್ಟೇ, 12.7 ಮಿ.ಮೀ. ಅಗಲ ಮಾತ್ರ ಜಾಸ್ತಿ, ಹಾಗಾಗಿ ಗೇರ್ ಕ್ಯಾಸೆಟ್ಟಿನ (ಹಿಂದಿನ ಚಕ್ರದ ಹಲ್ಲುಚಕ್ರಗಳ ಗೊಂಚಲಿನ) ಮೇಲೆ ಅದು ಓಡುವುದಿಲ್ಲ. ರಿಪೇರಿ ನಮ್ಮ ಕೈಯಲ್ಲೇ ಆಗಬೇಕು.

ಗೇರು ಸರಿಯಾಗಿ ಬೀಳದಿದ್ದರೆ ಎಲ್ಲರ ಕೈ ಮೊದಲು ಹೋಗುವುದು ಹಿಂದಿನ ಡಿರೈಲರ್‌ನ (ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ದಾಟಿಸುವ ಭಾಗದ) ಎರಡು ಸಣ್ಣ ಸ್ಕ್ರೂಗಳ ಕಡೆಗೆ. ಒಂದರ ಪಕ್ಕ ಎಚ್, ಇನ್ನೊಂದರ ಪಕ್ಕ ಎಲ್ ಅಂತ ಬರೆದಿರುತ್ತದೆ. ದಯವಿಟ್ಟು ಅವನ್ನು ಮುಟ್ಟಬೇಡಿ. ಎರಡೂ ತುದಿಯಲ್ಲಿ ಚೈನು ಆಚೆ ಬೀಳದಂತೆ ತಡೆಯುವುದಷ್ಟೇ ಅವುಗಳ ಕೆಲಸ. ನಿನ್ನೆ ಚೆನ್ನಾಗಿದ್ದ ಸೈಕಲ್ಲಿನಲ್ಲಿ ಅವು ತಾವಾಗಿ ತಿರುಗುವುದು ಅಪರೂಪ. ಬದಲಾಗಿರುವುದು ಬೇರೆ ಏನೋ. ಅದನ್ನು ಮೊದಲು ಹುಡುಕಬೇಕು.

ಸದ್ದು ಯಾವಾಗ ಬರುತ್ತದೆ?

ಪೆಡಲ್ ನಿಲ್ಲಿಸಿ, ಸೈಕಲ್ ತಾನಾಗಿ ಓಡಲಿ. ಸದ್ದು ಆಗಲೂ ಇದ್ದರೆ ಅದು ಚೈನಿನದಲ್ಲ. ಚಕ್ರ, ಬ್ರೇಕು, ಇಲ್ಲವೇ ತೂಗಾಡುವ ಬ್ಯಾಗಿನ ಪಟ್ಟಿ ನೋಡಿ.

ಪೆಡಲ್ ತುಳಿದಾಗ ಮಾತ್ರ ಬಂದರೆ ಎಣಿಸಿ. ಪೆಡಲ್ ಒಂದು ಸುತ್ತಿಗೆ ಒಂದು ಸಲ ಟಕ್ ಅಂದರೆ ಕಾರಣ ಪೆಡಲ್, ಕ್ರ್ಯಾಂಕ್ ಅಥವಾ ಮುಂದಿನ ಹಲ್ಲುಚಕ್ರದಲ್ಲಿದೆ. ಮೂರು ಮೂರೂವರೆ ಸುತ್ತಿಗೆ ಒಂದು ಸಲ ಬಂದರೆ ಚೈನಿನ ಯಾವುದೋ ಒಂದು ಕೊಂಡಿ ಬಿಗಿಯಾಗಿದೆ. ಲೆಕ್ಕ ಸರಳ. ಚೈನಿನಲ್ಲಿ 114 ಕೊಂಡಿ, ಮುಂದಿನ ಹಲ್ಲುಚಕ್ರಕ್ಕೆ 32 ಹಲ್ಲು ಅಂದರೆ, ಒಂದೇ ಕೊಂಡಿ ಮತ್ತೆ ಅದೇ ಜಾಗಕ್ಕೆ ಬರಲು ಪೆಡಲ್ ಸುಮಾರು ಮೂರೂವರೆ ಸುತ್ತು ತಿರುಗಬೇಕು. ಈ ಎಣಿಕೆ ಅಭ್ಯಾಸವಾದರೆ ಅರ್ಧ ಕೆಲಸ ಸೈಕಲ್ ಮೇಲೆ ಕೂತೇ ಮುಗಿಯುತ್ತದೆ. ಬಿಗಿ ಕೊಂಡಿ ಕಣ್ಣಿಗೆ ಬೀಳಬೇಕಾದರೆ ಪೆಡಲನ್ನು ಹಿಂದಕ್ಕೆ ನಿಧಾನ ತಿರುಗಿಸಿ, ಡಿರೈಲರ್‌ನ ಸಣ್ಣ ಗಾಲಿಗಳನ್ನೇ ನೋಡುತ್ತಿರಿ. ಬಿಗಿ ಕೊಂಡಿ ಅಲ್ಲಿ ಮಡಚಿಕೊಂಡೇ ಬಂದು ಜಿಗಿಯುತ್ತದೆ. ಅದರ ಎರಡೂ ಬದಿ ಹಿಡಿದು ಚೈನನ್ನು ಅಡ್ಡಕ್ಕೆ ಮೆಲ್ಲಗೆ ಬಾಗಿಸಿ, ಒಂದು ಹನಿ ಎಣ್ಣೆ ಬಿಟ್ಟರೆ ಸಾಕು.

ಇಂಥ ಲೆಕ್ಕಕ್ಕೆ ಸಿಗದೆ, ಜೋರಾಗಿ ತುಳಿದಾಗ ಮಾತ್ರ ಚೈನು ಹಲ್ಲು ಬಿಟ್ಟು ಜಾರಿದರೆ ಅದು ಸವಕಳಿ. ಹೊಸ ಚೈನು ಹಾಕಿಸಿ ಮರುದಿನವೇ ಹೊರಟವರಿಗೂ ಹೀಗಾಗುತ್ತದೆ, ಯಾಕೆಂದರೆ ಹಳೆಯ ಕ್ಯಾಸೆಟ್ಟಿನ ಸವೆದ ಹಲ್ಲಿಗೆ ಹೊಸ ಚೈನು ಕೂರುವುದಿಲ್ಲ. ದಾರಿಯಲ್ಲಿ ಇದಕ್ಕೆ ಮದ್ದಿಲ್ಲ. ನೀವು ಕಡಿಮೆ ಬಳಸುವ ಗೇರಿಗೆ ಹಾಕಿ, ಹಗುರವಾಗಿ ತುಳಿಯಿರಿ. ಇದನ್ನು ಮನೆಯಲ್ಲೇ ಅಳೆದು ನೋಡಬೇಕು. ಹೊಸ ಚೈನಿನಲ್ಲಿ 24 ಕೊಂಡಿಯ ಉದ್ದ 304.8 ಮಿ.ಮೀ. ಅದು ಒಂದೂವರೆ ಮಿ.ಮೀ. ಹಿಗ್ಗಿದ್ದರೆ 11, 12 ಸ್ಪೀಡಿನ (ಹಿಂದೆ ಅಷ್ಟು ಹಲ್ಲುಚಕ್ರಗಳಿರುವ ಸೈಕಲ್ಲಿನ) ಚೈನು ಬದಲಿಸಿ. 8ರಿಂದ 10 ಸ್ಪೀಡಿನದಾದರೆ ಸುಮಾರು 2.3 ಮಿ.ಮೀ.ವರೆಗೆ ನಡೆಯುತ್ತದೆ.

ಗೇರು ತಾನಾಗಿ ಬದಲಾದರೆ

ಮೊದಲು ಹ್ಯಾಂಡಲ್ ಮೇಲಿನ ಬ್ಯಾಗು ನೋಡಿ. ತುಂಬಿದ ಬ್ಯಾಗು ಗೇರ್ ಕೇಬಲ್ಲನ್ನು ಒತ್ತಿ ಬಗ್ಗಿಸುತ್ತದೆ. ಹ್ಯಾಂಡಲ್ ತಿರುಗಿಸಿದಾಗಲೆಲ್ಲ ಗೇರು ಕದಲಿದರೆ ತಪ್ಪು ಬ್ಯಾಗಿನದೇ. ಪಟ್ಟಿ ಬಿಚ್ಚಿ ಮತ್ತೆ ಕಟ್ಟಿ, ಅಷ್ಟೇ. ಕೇಬಲ್ ಆರಾಮಾಗಿದ್ದೂ ಚೈನು ಹಿಂದಿನ ದೊಡ್ಡ ಹಲ್ಲುಚಕ್ರಕ್ಕೆ ಏರಲು ತಡ ಮಾಡಿದರೆ ಕೇಬಲ್ ಸಡಿಲವಾಗಿದೆ. ಕೇಬಲ್ಲಿನ ತುದಿಯಲ್ಲಿ ಕೈಯಲ್ಲೇ ತಿರುಗಿಸುವ ಬ್ಯಾರೆಲ್ ಇರುತ್ತದಲ್ವಾ, ಅದನ್ನು ಕಾಲು ಕಾಲು ಸುತ್ತು ಹೊರಗೆ ಬರುವಂತೆ ತಿರುಗಿಸಿ.

ಆಮೇಲೆ ಕೇಳಿಕೊಳ್ಳಿ: ಸೈಕಲ್ ಬಲಕ್ಕೆ ಬಿದ್ದಿತ್ತಾ? ಹಿಂದೆ ಕೂತು ನೋಡಿ. ಡಿರೈಲರ್‌ನ ಎರಡು ಸಣ್ಣ ಗಾಲಿಗಳು ಮೇಲಿನ ಸ್ಪ್ರಾಕೆಟ್‌ಗೆ (ಕ್ಯಾಸೆಟ್ಟಿನ ಹಲ್ಲುಚಕ್ರಕ್ಕೆ) ನೇರವಾಗಿ ಇರಬೇಕು. ಒಳಗೆ ವಾಲಿದ್ದರೆ ಹ್ಯಾಂಗರ್, ಅಂದರೆ ಡಿರೈಲರನ್ನು ಫ್ರೇಮಿಗೆ ಹಿಡಿದಿಡುವ ತುಂಡು, ಬಗ್ಗಿದೆ. ಫ್ರೇಮ್ ಉಳಿಯಲಿ ಅಂತ ಅದನ್ನು ಮೆತ್ತನೆ ಅಲ್ಯುಮಿನಿಯಮ್‌ನಲ್ಲಿ ಮಾಡಿರುತ್ತಾರೆ. ಚಕ್ರ ಬಿಗಿಯಾಗಿ ಕೂತಿರುವಾಗಲೇ ಡಿರೈಲರ್ ಹಿಡಿದು ಒಂದೇ ಸಲ, ನಿಧಾನವಾಗಿ ಹೊರಗೆ ಎಳೆಯಿರಿ. ಹಿಂದೆ ಮುಂದೆ ಬಗ್ಗಿಸುತ್ತಾ ಹೋದರೆ ಮುರಿಯುತ್ತದೆ. ಊರು ಮುಟ್ಟುವವರೆಗೆ ಹಿಂದಿನ ಅತಿ ದೊಡ್ಡ ಸ್ಪ್ರಾಕೆಟ್ ಬಳಸಲೇಬೇಡಿ. ಡಿರೈಲರ್ ಕಡ್ಡಿಗಳಿಗೆ ಸಿಕ್ಕಿಕೊಂಡರೆ ಚಕ್ರವೂ ಹೋಗುತ್ತದೆ.

ಎರಿ ರಾಡಿ

ನಮ್ಮ ಕಡೆ ನಾನು ಎಲ್ಲಕ್ಕಿಂತ ಹೆಚ್ಚು ಹೆದರುವುದು ಇದಕ್ಕೆ. ನವಲಗುಂದ, ಅಣ್ಣಿಗೇರಿ ಕಡೆಯ ಹೊಲದ ದಾರಿಗೆ ಒಂದು ಮಳೆ ಬಿದ್ದರೆ ಸಾಕು, ಎರಿ ಮಣ್ಣು, ಅಂದರೆ ಅಂಟುವ ಕಪ್ಪು ಮಣ್ಣು, ಟೈರಿಗೂ ಫ್ರೇಮಿಗೂ ನಡುವೆ ಗಟ್ಟಿಯಾಗಿ ತುಂಬಿಕೊಳ್ಳುತ್ತದೆ. ಸಣ್ಣ ಗಾಲಿಗಳಿಗೂ ಮೆತ್ತಿಕೊಂಡು ಅವು ತಿರುಗುವುದು ನಿಲ್ಲುತ್ತದೆ. ಆಗ ಪೆಡಲ್ ಮೇಲೆ ಬಲ ಹಾಕಿದರೆ ಚೈನು ಡಿರೈಲರನ್ನೇ ಎಳೆದುಕೊಂಡು ಹೋಗಿ ಹ್ಯಾಂಗರ್ ಮುರಿಯುತ್ತದೆ. ಪೆಡಲ್ ಭಾರವಾಯಿತು ಅನ್ನಿಸಿದ ಕೂಡಲೇ ಇಳಿಯಿರಿ. ಕಟ್ಟಿಗೆಯಿಂದ ಮಣ್ಣು ಕೆರೆಯಿರಿ, ಬಾಟಲಿ ನೀರನ್ನು ಡಿರೈಲರ್ ಮೇಲೆ ಸುರಿಯಿರಿ, ಹುಲ್ಲಿನ ಅಂಚಿನಲ್ಲಿ ತಳ್ಳಿಕೊಂಡು ಹೋಗಿ. ಮಸಾರಿ (ಕೆಂಪು) ಮಣ್ಣು ಇಷ್ಟು ಕಾಡುವುದಿಲ್ಲ.

ಹ್ಯಾಂಗರ್ ಮುರಿದೇ ಹೋದರೆ? ಒಂದು ಸೈಕಲ್ಲಿನದು ಇನ್ನೊಂದಕ್ಕೆ ಸಾಮಾನ್ಯವಾಗಿ ಕೂರುವುದಿಲ್ಲ. ಹಾಗಾಗಿ ನಿಮ್ಮ ಫ್ರೇಮಿನದೇ ಒಂದು ಹೆಚ್ಚುವರಿ ಹ್ಯಾಂಗರ್ ಬ್ಯಾಗಿನಲ್ಲಿರಲಿ. ಇಲ್ಲದಿದ್ದರೆ ಡಿರೈಲರ್ ಬಿಚ್ಚಿ, ಚೈನ್ ಕಟರ್‌ನಿಂದ ಚೈನು ಗಿಡ್ಡ ಮಾಡಿ, ಒಂದೇ ಗೇರಿನಲ್ಲಿ ಹೋಗಬೇಕು. ಚೈನು ನೇರವಾಗಿ ಓಡುವಂಥ ಮಧ್ಯದ ಸ್ಪ್ರಾಕೆಟ್ ಆರಿಸಿ. ಚೈನು ಆದಷ್ಟು ಬಿಗಿಯಾಗಿರಲಿ. ಸಡಿಲವಿದ್ದರೆ ಪದೇ ಪದೇ ಬೀಳುತ್ತದೆ. ಜೋಡಿಸಲು ಕ್ವಿಕ್ ಲಿಂಕ್ (ಚೈನಿನ ಎರಡು ತುದಿ ಕೂಡಿಸುವ ಕೊಂಡಿ) ಬೇಕು, ಅದೂ ನಿಮ್ಮ ಚೈನಿನ ಸ್ಪೀಡಿನದೇ. ಕತ್ತರಿಸಿದ ತುಂಡು ಎಸೆಯಬೇಡಿ. ಹುಬ್ಬಳ್ಳಿ-ಗದಗ ರಸ್ತೆ ಬಹುಪಾಲು ಬಯಲು, ಒಂದೇ ಗೇರಿನಲ್ಲೂ ಆರಾಮಾಗಿ ತಲುಪಬಹುದು.

ಕೇಬಲ್ ಮತ್ತು ಫ್ರೀಹಬ್

ಹಿಂದಿನ ಗೇರ್ ಕೇಬಲ್ ತುಂಡಾದರೆ ಚೈನು ಅತಿ ಸಣ್ಣ ಸ್ಪ್ರಾಕೆಟ್‌ಗೆ ಇಳಿದು ಕೂರುತ್ತದೆ. ಅಂದರೆ ಅತಿ ಭಾರದ ಗೇರು. ಈಗ ಮಾತ್ರ ಎಚ್ ಸ್ಕ್ರೂ ಮುಟ್ಟಿ. ಪೆಡಲ್ ತಿರುಗಿಸುತ್ತಾ ಅದನ್ನು ಒಳಗೆ ಬಿಗಿದರೆ ಚೈನು ಒಂದೆರಡು ಸ್ಪ್ರಾಕೆಟ್ ಮೇಲೆ ಬಂದು ನಿಲ್ಲುತ್ತದೆ. ಎಷ್ಟು ಸುತ್ತು ಬಿಗಿದಿರಿ ಅಂತ ಬರೆದಿಟ್ಟುಕೊಳ್ಳಿ. ಬ್ರೇಕ್ ಕೇಬಲ್ ಗೇರ್ ಕೇಬಲ್‌ಗಿಂತ ದಪ್ಪ, ಅದು ಇಲ್ಲಿ ಕೆಲಸಕ್ಕೆ ಬಾರದು. ಒಂದು ಗೇರ್ ಕೇಬಲ್ ಸುರುಳಿ ಸುತ್ತಿ ಜೊತೆಗಿಟ್ಟುಕೊಳ್ಳಿ.

ಪೆಡಲ್ ಮುಂದಕ್ಕೂ ಹಿಂದಕ್ಕೂ ಸುಮ್ನೆ ತಿರುಗುತ್ತಾ ಚಕ್ರ ಮಾತ್ರ ಓಡದಿದ್ದರೆ ಫ್ರೀಹಬ್ಬಿನ (ಹಿಂದಿನ ಚಕ್ರದ ನಡುವೆ ಕ್ಯಾಸೆಟ್ ಕೂರುವ ಭಾಗದ) ಒಳಗಿನ ಕೊಕ್ಕೆಗಳು ಹಿಡಿಯುತ್ತಿಲ್ಲ. ರಾಡಿ ನೀರು ಒಳಗೆ ಹೋದರೆ ಹೀಗಾಗಬಹುದು. ತೆಳು ಎಣ್ಣೆ ಬಿಟ್ಟು, ಚಕ್ರ ಮೆಲ್ಲಗೆ ತಟ್ಟಿ, ತಿರುಗಿಸಿ ನೋಡಿ. ಆಗಲೂ ಹಿಡಿಯದಿದ್ದರೆ ದೊಡ್ಡ ಸ್ಪ್ರಾಕೆಟ್ಟನ್ನು ನಾಲ್ಕಾರು ಕಡೆ ಜಿಪ್ ಟೈನಿಂದ ಕಡ್ಡಿಗಳಿಗೆ ಬಿಗಿಯಿರಿ. ಚಕ್ರ ತಿರುಗುವಷ್ಟು ಹೊತ್ತೂ ಪೆಡಲ್ ತಿರುಗುತ್ತಲೇ ಇರಬೇಕಾಗುತ್ತದೆ. ತುಳಿಯುವುದು ನಿಲ್ಲಿಸಿದರೆ ಚೈನು ಸಡಿಲವಾಗಿ ಡಿರೈಲರ್‌ಗೆ ಸುತ್ತಿಕೊಳ್ಳುತ್ತದೆ. ಸಮತಟ್ಟಿನಲ್ಲಿ ನಿಧಾನವಾಗಿ ಹೋಗಿ, ಇಳಿಜಾರು ಬಂದರೆ ಇಳಿದು ತಳ್ಳಿ.